ಗಂಟು ಬಿಚ್ಚೋದನ್ನೂ ಕಲಿಸ್ರೀ

"ಮಕ್ಕಳಿಗೆ ಗಂಟು ಹಾಕೋದೊಂದೇ ಅಲ್ಲ, ಬಿಚ್ಚೋದನ್ನೂ ಕಲಿಸ್ರೀ."

ನನ್ನ ಹೆಂಡತಿ ಆಸ್ಪತ್ರೆ ಮಂಚದ ಮೇಲೆ ಆಡಿದ ಕೊನೆ ಮಾತು ಇದು. ಹೇಳಿ ನಕ್ಕಳು.

ನಾನು ಪೀಣ್ಯದಲ್ಲಿ ಲಾರಿಗೆ ಮೆಷಿನ್ ಹೇರಿ ಹಗ್ಗ ಬಿಗಿಯೋನು. ಭಾನುವಾರ ಲಗ್ಗೆರೆಯ ನಮ್ಮ ಬೀದಿ ಮಕ್ಕಳು ಹಗ್ಗ ಹಿಡ್ಕೊಂಡು ಗಂಟು ಕಲಿಯೋಕೆ ಬರ್ತಿದ್ದವು. ಕಲಿಸಿದ ಮೇಲೆ ಏನಾದರೊಂದು ಆಗದೆ ಒಂದು ವಾರವೂ ಹೋಗ್ತಿರಲಿಲ್ಲ.

೧. ಬಿಂದಿಗೆ

ಆಗ ನಮ್ಮಲ್ಲಿ ನಲ್ಲಿ ಇರಲಿಲ್ಲ. ಬಾವಿ. ಬಿಂದಿಗೆ ಕತ್ತಿಗೆ ಜಾರದ ಕುಣಿಕೆ ಹಾಕೋದು ಕಲಿಸಿದೆ. ಎದುರು ಮನೆ ಹುಡುಗಿ ಚೆನ್ನಾಗಿ ಬಿಗಿದು ಬಾವಿಗೆ ಬಿಟ್ಟಳು. ಹಗ್ಗದ ಇನ್ನೊಂದು ತುದಿ ಹಿಡಿಯೋದು ಮರೆತಳು. ಬಿಂದಿಗೆ, ಹಗ್ಗ ಎರಡೂ ಒಳಗೆ. ಕೊಕ್ಕೆಗಳ ಪಾತಾಳಗರಡಿ ಬಿಟ್ಟು ಎತ್ತಿದೆವು. ಅವರಮ್ಮ ಹೊಡೆಯೋಕೆ ಕೈ ಎತ್ತಿದರೆ ಇವಳು ಕುಣೀತಾ ಇದ್ದಾಳೆ. "ನೋಡಿ ಮಾಮ! ಗಂಟು ಬಿಚ್ಚೇ ಇಲ್ಲ!"

೨. ಅಜ್ಜಿ

ಮೂಲೆ ಮನೆ ಹುಡುಗ ತಮ್ಮ ಮನೆ ಬಾಗಿಲ ಚಿಲಕಾನ ಹೊರಗಿನ ಕಂಬಕ್ಕೆ ಬಿಗಿದ. ಒಳಗೆ ಅಜ್ಜಿ. ಎಳೆದಷ್ಟೂ ಬಿಗಿಯೋ ಗಂಟು, ನಾನೇ ಕಲಿಸಿದ್ದು.

"ಬಿಚ್ಚೋ ಕೋತಿ!" ಅಂತ ಅಜ್ಜಿ ಕಿಟಕಿಯಿಂದ.

"ಬಿಚ್ಚೋ ಪಾಠ ಮುಂದಿನ ಭಾನುವಾರ ಅಜ್ಜಿ."

ನನ್ನ ಹೆಂಡತಿ ಕುಡುಗೋಲು ತಗೊಂಡು ಓಡಿ ಹಗ್ಗ ಕುಯ್ದಳು. ಮನೆಗೆ ಬಂದು ಬಿದ್ದು ಬಿದ್ದು ನಕ್ಕಳು.

೩. ಟೇಪು

ಆಸ್ಪತ್ರೆಗೆ ಹೋಗೋ ದಿನ ನನ್ನ ಹೆಂಡತಿ ನಮ್ಮ ಮಗಳಿಗೆ ಎರಡು ಜಡೆ ಹೆಣೆದು ಕೆಂಪು ಟೇಪು ಕಟ್ಟಿದ್ದಳು. ಅವಳು ತಿರುಗಿ ಬರಲಿಲ್ಲ. ಆಮೇಲೆ ಮಗಳು ಯಾರಿಗೂ ತಲೆ ಮುಟ್ಟೋಕೆ ಬಿಡಲಿಲ್ಲ. "ಅಮ್ಮ ಕಟ್ಟಿದ್ದು." ಅಷ್ಟೇ ಮಾತು. ಕೂದಲು ಗಂಟುಗಂಟಾಯ್ತು. ಶಾಲೆಗೂ ಹೋಗಲಿಲ್ಲ. ನನ್ನ ತಂಗಿ ಕತ್ತರಿ ತಂದಳು. ಮಗಳು ಮಂಚದ ಕೆಳಗೆ ಸೇರ್ಕೊಂಡಳು.

ಭಾನುವಾರ ಬೀದಿ ಮಕ್ಕಳು ಬಂದವು. ಅವೂ ಮಂಚದ ಕೆಳಗೆ ತೂರಿದವು. ದೊಡ್ಡ ಮೇಸ್ತ್ರಿಗಳ ಹಾಗೆ ಗಂಟು ನೋಡಿದವು. ಬಿಂದಿಗೆ ಹುಡುಗಿ ಹೇಳಿದಳು: "ಇದು ನಿಮ್ಮಪ್ಪನ ಗಂಟಲ್ಲ ಕಣೇ. ತುದಿ ಎಳೆದ್ರೆ ಬರತ್ತೆ. ನಿಮ್ಮಮ್ಮ ಬಿಚ್ಲಿ ಅಂತಾನೇ ಕಟ್ಟಿರೋದು."

ಮಗಳು ಟೇಪಿನ ತುದಿ ಹುಡುಕಿ ಹಿಡಿದಳು. ಆಮೇಲೆ ತಾನೇ ಎಳೆದಳು.

ಸೋಮವಾರ ಜಡೆ ನಾನೇ ಹಾಕಿದೆ. ನನಗೆ ಬರೋದು ಲಾರಿ ಬಿಗಿ. ಸಂಜೆ ಮೇಷ್ಟ್ರು ಹೇಳಿಕಳಿಸಿದ್ದರು: "ಮಗು ತಲೆ ಲೇತ್ ಮೆಷಿನ್ ಅಲ್ಲ ಅಂತ ನಿಮ್ಮಪ್ಪಂಗೆ ಹೇಳು."

ಮಾರನೇ ಬೆಳಿಗ್ಗೆ ಜಗಲಿ ಮೇಲೆ ಕೂತು ಕಾಲು ಚಾಚಿದೆ. ಮಗಳು ನನ್ನ ಕಾಲಿನ ಹೆಬ್ಬೆರಳಿಗೆ ಒಂದು ಹಳೇ ಟೇಪು ಕಟ್ಟಿ, "ಮೊದ್ಲು ಬಿಚ್ಚಪ್ಪ" ಅಂದಳು. ಬಿಚ್ಚಿದೆ. ಕಟ್ಟಿದೆ. ಮತ್ತೆ ಬಿಚ್ಚಿದೆ, ಕಟ್ಟಿದೆ. ಆಮೇಲೆ ಅವಳ ಜಡೆಗೆ ಬೇರೆ ಟೇಪು ಕಟ್ಟಿದೆ. ಹೊತ್ತಾಗಿತ್ತು. ಹೆಬ್ಬೆರಳ ಮೇಲಿನ ಕೆಂಪು ಟೇಪಿನ ಹೂ ಬಿಚ್ಚದೆ, ಹಾಗೇ ಚಪ್ಪಲಿ ಮೆಟ್ಟಿಕೊಂಡು ಪೀಣ್ಯಕ್ಕೆ ಹೋದೆ.