ಸದರಿ ಎಮ್ಮೆಗೆ ಸದರಿ ಹುಲ್ಲು

ಮಲ್ನಾಡು ತೂಕಯಂತ್ರ ನಿಗಮದ ಭದ್ರಾವತಿ ಅತಿಥಿಗೃಹದ ಮುಂದೆ ಮೂರು ಎಕರೆ ಹುಲ್ಲುಹಾಸು ಇದೆ. ಅದರ ಹುಲ್ಲನ್ನು ಕಾಲಕಾಲಕ್ಕೆ ಕತ್ತರಿಸತಕ್ಕದ್ದು ಎಂದು ನಿಗಮದ ಕೈಪಿಡಿಯ ನಲವತ್ತೊಂದನೆಯ ನಿಯಮ ಹೇಳುತ್ತದೆ. ಕತ್ತರಿಸಿದ ಹುಲ್ಲನ್ನು ಏನು ಮಾಡತಕ್ಕದ್ದು ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ನಲವತ್ತೆರಡನೆಯ ನಿಯಮ ಬೆಕ್ಕುಗಳ ಕುರಿತಾದದ್ದು.

ನಾನು ಆ ಕಚೇರಿಯ ಟಪಾಲು ಗುಮಾಸ್ತ. ಬಂದ ಕಾಗದಕ್ಕೂ ಹೋದ ಕಾಗದಕ್ಕೂ ನಂಬರು ಹಾಕಿದವನು ನಾನೇ. ಆದ್ದರಿಂದ ೨೦೦೧ರಿಂದ ೨೦೦೩ರವರೆಗೆ ನಡೆದದ್ದನ್ನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಬಲ್ಲೆ. ಈ ಪ್ರಕರಣದಲ್ಲಿ ಯಾರದೂ ತಪ್ಪಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದ್ದಿದ್ದರೆ ನನ್ನ ರಿಜಿಸ್ಟರಿನಲ್ಲಿ ಬರುತ್ತಿತ್ತು.

ಮಾಲಿ ಚೌಡಪ್ಪ ಹತ್ತೊಂಬತ್ತು ವರ್ಷ ಆ ಹುಲ್ಲು ಕತ್ತರಿಸಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಮನೆಗೆ ಒಯ್ದು ಎಮ್ಮೆಗೆ ಹಾಕಿದ. ಯಾರೂ ಅವನನ್ನು ಕೇಳಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ. ಎಮ್ಮೆ ಎರಡು ಹೊತ್ತೂ ಹಾಲು ಕೊಡುತ್ತಿತ್ತು. ಹೆಂಡತಿ ಸುವರ್ಣಮ್ಮ ಆ ಹಾಲು ಮಾರಿ ಮಗಳು ಸುಮನಾಳನ್ನು ಓದಿಸುತ್ತಿದ್ದಳು. ಚೌಡಪ್ಪನದು ದಿನಗೂಲಿ; ನಿಗಮಕ್ಕೆ ನೆನಪಾದಾಗ ಬರುವಂಥದ್ದು. ಹೀಗಾಗಿ ಆ ಮನೆಯನ್ನು ನಡೆಸುತ್ತಿದ್ದದ್ದು ಎಮ್ಮೆಯೇ.

ಸುಮನಾ ಪಿಯುಸಿಯಲ್ಲಿ ರಾಜ್ಯಶಾಸ್ತ್ರ ತೆಗೆದುಕೊಂಡಿದ್ದಳು. ಒಂದು ದಿನ ಆಕೆ, "ಅಪ್ಪಾ, ಅದು ಸರ್ಕಾರಿ ಹುಲ್ಲು. ಒಂದು ಅರ್ಜಿ ಕೊಟ್ಬಿಡು. ನಾಳೆ ಯಾರೂ ನಿನ್ ಕಡೆ ಬೆರಳು ತೋರಿಸ್ಬಾರ್ದು" ಎಂದಳು. ತಾನೇ ದುಂಡಗಿನ ಅಕ್ಷರದಲ್ಲಿ ಬರೆದೂ ಕೊಟ್ಟಳು. ಹುಲ್ಲುಹಾಸಿನಲ್ಲಿ ಕತ್ತರಿಸಿದ ಹುಲ್ಲನ್ನು ನಮ್ಮ ಎಮ್ಮೆಗೆ ಹಾಕಲು ಅನುಮತಿ ನೀಡಬೇಕಾಗಿ ವಿನಂತಿ ಎಂದಿತ್ತು. ನಾನು ಅದಕ್ಕೆ ೧೧೭ನೇ ನಂಬರು ಹಾಕಿದೆ.

ನಮ್ಮ ಸೂಪರಿಂಟೆಂಡೆಂಟ್ ಏಕಾಂತಪ್ಪನವರು ಅರ್ಜಿಯನ್ನು ಮೂರು ಸಲ ಓದಿ ಕನ್ನಡಕ ತೆಗೆದಿಟ್ಟರು.

"ನೀನು ಕೇಳ್ದೇ ಇದ್ದಿದ್ರೆ ನಂಗೆ ಗೊತ್ತಿರ್ತಿರ್ಲಿಲ್ಲ ಮಾರಾಯ. ಈಗ ಗೊತ್ತಾಗೋಯ್ತು."

"ಹೊರೆ ಹೊತ್ಕೊಂಡು ಹೋಗೋದನ್ನ ದಿನಾ ನೋಡ್ತಿದ್ರಲ್ಲ ಸ್ವಾಮಿ?"

"ನೋಡೋದು ಬೇರೆ, ಗೊತ್ತಾಗೋದು ಬೇರೆ."

ಅರ್ಜಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿರುವ ಪ್ರಧಾನ ಕಚೇರಿಗೆ ಹೋಯಿತು. ಅಲ್ಲಿ ವಿಜಯೇಂದ್ರ ಎಂಬ ಸ್ವತ್ತು ಅಧಿಕಾರಿಗಳಿದ್ದರು. ಆರು ವಾರಕ್ಕೆ ಅವರಿಂದ ಉತ್ತರ ಬಂತು. ಸದರಿ ಹುಲ್ಲು ನಿಗಮ ನೆಟ್ಟದ್ದೋ ತಾನಾಗಿ ಹುಟ್ಟಿದ್ದೋ, ಅದರ ತೂಕವೆಷ್ಟು, ಸದರಿ ಎಮ್ಮೆಗೆ ಹುಲ್ಲು ತಿನ್ನುವ ಅಭ್ಯಾಸ ಮೊದಲಿನಿಂದಲೂ ಇದೆಯೋ ಅಥವಾ ಈ ಅರ್ಜಿಯ ನಿಮಿತ್ತ ಆರಂಭವಾದದ್ದೋ ತಿಳಿಸಬೇಕು. ತೀರ್ಮಾನವಾಗುವ ತನಕ ಕತ್ತರಿಸಿದ ಹುಲ್ಲನ್ನು ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು, ಹೊಸದಾಗಿ ಕತ್ತರಿಸಕೂಡದು.

ಅಂದು ಕತ್ತರಿಸಿ ಬಿದ್ದಿದ್ದ ಹುಲ್ಲನ್ನು ತೂಕ ಮಾಡುವುದು ಸ್ವಲ್ಪ ಕಷ್ಟವಾಯಿತು. ನಮ್ಮದು ತಕ್ಕಡಿ ತಯಾರಿಸುವ ನಿಗಮ. ನಮ್ಮ ಸ್ವತ್ತನ್ನು ನಮ್ಮ ತಕ್ಕಡಿಯಲ್ಲೇ ತೂಗಿದರೆ ಪಕ್ಷಪಾತದ ಮಾತು ಬರುತ್ತದೆ. ಅದೂ ಅಲ್ಲದೆ ನಮ್ಮ ತಕ್ಕಡಿ ಮೂರು ಸಲಕ್ಕೆ ಮೂರು ತೂಕ ಹೇಳಿತು. ಕೊನೆಗೆ ಗುಜರಿ ಅಂಗಡಿಯ ತಕ್ಕಡಿ ತರಿಸಿ ನಾನೂರ ಹನ್ನೆರಡು ಕಿಲೋ ಎಂದು ಬರೆದುಕೊಂಡೆವು. ಹುಲ್ಲನ್ನು ಅತಿಥಿಗೃಹದ ಪಕ್ಕ ರಾಶಿ ಹಾಕಿ, ಹಗ್ಗ ಸುತ್ತಿ, ಬೋರ್ಡು ನಿಲ್ಲಿಸಿದೆವು: 'ವಿಚಾರಣೆಯಲ್ಲಿರುವ ಹುಲ್ಲು. ಮುಟ್ಟಬಾರದು.'

ತಿಂಗಳ ಮೇಲೆ ವಿಜಯೇಂದ್ರ ಅವರೇ ಜೀಪಿನಲ್ಲಿ ತನಿಖೆಗೆ ಬಂದು, ಮೊದಲು ಎಮ್ಮೆಯ ಬಾಗಿದ ಬಲಗೊಂಬನ್ನು ಗುರುತು ಹಾಕಿಕೊಂಡರು. ಆಮೇಲೆ ಹುಲ್ಲು ತೂಗಿಸಿದರೆ ನೂರ ಮೂವತ್ತು ಕಿಲೋ ಇತ್ತು.

"ಮಿಕ್ಕಿದ್ದು ಎಲ್ಲಿ ಹೋಯ್ತು?" ಎಂದು ಚೌಡಪ್ಪನನ್ನು ಕೇಳಿದರು.

"ಒಣಗ್ತು ಸ್ವಾಮಿ."

"ಯಾರ ಅನುಮತಿ ತಗೊಂಡು?"

ಚೌಡಪ್ಪ ಮೇಲೆ ಸೂರ್ಯನ ಕಡೆ ನೋಡಿದ. ವಿಜಯೇಂದ್ರ ಅವರೂ ಮೇಲೆ ನೋಡಿ ಬರೆದುಕೊಂಡರು. ಒಂದು ವಾರಕ್ಕೆ ಮೆಮೊ ಬಂತು: ಬಿಸಿಲಿನ ಮೇಲೆ ಕ್ರಮ ಜರುಗಿಸಲು ನಿಗಮಕ್ಕೆ ಅಧಿಕಾರವಿಲ್ಲದ ಕಾರಣ, ಕೊರತೆಯನ್ನು ಮಾಲಿಯೇ ತುಂಬತಕ್ಕದ್ದು ಮತ್ತು ನಾನೂರ ಹನ್ನೆರಡು ಕಿಲೋ ಸದಾ ಇರುವಂತೆ ನೋಡಿಕೊಳ್ಳತಕ್ಕದ್ದು.

ಅಂದಿನಿಂದ ಚೌಡಪ್ಪ ಬೆಳಿಗ್ಗೆ ಕಾಲುವೆ ಏರಿಯ ಮೇಲೆ ಕೈಗೆ ಸಿಕ್ಕಷ್ಟು ಹುಲ್ಲು ಕೊಯ್ದು ತಂದು ರಾಶಿಗೆ ಹಾಕತೊಡಗಿದ. ಆ ಹುಲ್ಲೂ ಒಣಗುತ್ತಿತ್ತು, ಅವನು ಮತ್ತೆ ತರುತ್ತಿದ್ದ. ಮೊದಲು ಕಚೇರಿಯ ಹುಲ್ಲು ಎಮ್ಮೆಗೆ ಹೋಗುತ್ತಿತ್ತು, ಈಗ ಎಮ್ಮೆಯ ಹುಲ್ಲು ಕಚೇರಿಗೆ ಬರುತ್ತಿತ್ತು. ಇತ್ತ ಹುಲ್ಲುಹಾಸು ಸೊಂಟದೆತ್ತರ ಬೆಳೆದು, ಅತಿಥಿಗೃಹದ ಜಗಲಿಯಿಂದ ಗೇಟು ಕಾಣುವುದು ನಿಂತಿತು. ದಾವಣಗೆರೆಯಿಂದ ಬಂದ ಇಂಜಿನಿಯರೊಬ್ಬರು ಸಂಜೆ ವಾಕಿಂಗಿಗೆ ಇಳಿದವರು ದಾರಿ ತಪ್ಪಿ ಅಡುಗೆಯವನನ್ನು ಕೂಗಿ ಕರೆಯಬೇಕಾಯಿತು.

ಒಂದು ದಿನ ಸುವರ್ಣಮ್ಮ ಕಚೇರಿ ಬಾಗಿಲಿಗೆ ಬಂದು ನಿಂತಳು.

"ಸ್ವಾಮಿ, ಎಮ್ಮೆ ಪಕ್ಕೆ ಎಣಿಸ್ಬಹುದು. ಆರು ಲೀಟ್ರು ಕೊಡೋದು ಒಂದೂವರೆಗೆ ಇಳಿದೈತೆ. ಆ ಅರ್ಜಿ ವಾಪಸ್ ಕೊಟ್ಬಿಡಿ. ನಮಗೆ ಹುಲ್ಲೂ ಬೇಡ, ಏನೂ ಬೇಡ."

ಏಕಾಂತಪ್ಪನವರು ಅವಳನ್ನು ಕೂರಿಸಿ ಸಮಾಧಾನವಾಗಿ ತಿಳಿಸಿ ಹೇಳಿದರು. "ವಾಪಸ್ ತಗೊಳ್ಳೋಕೂ ಒಂದು ಅರ್ಜಿ ಕೊಡ್ಬೇಕಮ್ಮ. ಆಮೇಲೆ ಎರಡನ್ನೂ ಒಟ್ಟಿಗೆ ತೀರ್ಮಾನ ಮಾಡ್ತಾರೆ. ಇನ್ನೂ ತಡ ಆಗುತ್ತೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ನನಗೆ ಸಂಕಟವಾಯಿತು. ಸಂಕಟಕ್ಕೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲದ್ದರಿಂದ ನಾನು ಮುಂದಿನ ಕಾಗದ ಕೈಗೆತ್ತಿಕೊಂಡೆ.

ಎರಡನೇ ಬೇಸಿಗೆಯಲ್ಲಿ ಕಾಲುವೆ ಏರಿಯೂ ಒಣಗಿತು. ಸುಮನಾಳನ್ನು ಡಿಗ್ರಿ ಕಾಲೇಜಿಗೆ ಸೇರಿಸುವ ಹೊತ್ತಿಗೆ ಎಮ್ಮೆಯನ್ನು ಮಾರುವುದೊಂದೇ ದಾರಿ ಉಳಿಯಿತು. ಅಷ್ಟರಲ್ಲಿ ಪ್ರಧಾನ ಕಚೇರಿಯ ಆದೇಶವೂ ಬಂತು. ತಾರೀಖುಗಳು ನನ್ನ ಬಳಿ ಇರುವುದರಿಂದ ಹೇಳುತ್ತೇನೆ. ಮಂಗಳವಾರ ನಾನು ಆದೇಶದ ಲಕೋಟೆ ಒಡೆದು, ನಂಬರು ಹಾಕಿ, ಏಕಾಂತಪ್ಪನವರ ಮೇಜಿನ ಮೇಲಿಟ್ಟೆ. ಅವರು ನೋಡಿದರು. ಗುರುವಾರ ಅವರಿಗೆ ಚೌಡಪ್ಪನ ಕಷ್ಟ ಕಂಡು ಕನಿಕರವಾಗಿ ಎಮ್ಮೆಯನ್ನು ತಾವೇ ಕೊಂಡರು. ಮೂಳೆ ಚಕ್ಕಳದ ಎಮ್ಮೆಗೆ ಹೆಚ್ಚು ಬೆಲೆ ಕೊಟ್ಟರೆ ಅದು ಲಂಚವೆನಿಸಿಕೊಳ್ಳುವ ಅಪಾಯವಿದ್ದುದರಿಂದ ಕಡಿಮೆಯನ್ನೇ ಕೊಟ್ಟರು. ಎಮ್ಮೆ ಶಿವಮೊಗ್ಗಕ್ಕೆ, ಗೋಪಾಳದ ಅವರ ಮನೆಯ ಹಿತ್ತಿಲಿಗೆ ಹೋಯಿತು. ಆದೇಶದ ವಿಷಯ ಅವರಿಗೆ ಗೊತ್ತಾದದ್ದು ಶುಕ್ರವಾರ.

ಆದೇಶವನ್ನು ಅವರು ಚೌಡಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದರು. "ಸದರಿ ಹುಲ್ಲನ್ನೂ ಇನ್ನು ಮುಂದೆ ಕತ್ತರಿಸಲಾಗುವ ಹುಲ್ಲನ್ನೂ, ಬಲಗೊಂಬು ಬಾಗಿರುವ ಸದರಿ ಎಮ್ಮೆಗೆ, ಅದು ಜೀವಂತವಿರುವವರೆಗೂ ನೀಡತಕ್ಕದ್ದು. ಬೇರಾವ ಎಮ್ಮೆಗೂ ನೀಡಕೂಡದು."

ಚೌಡಪ್ಪ ಆದೇಶದ ಕಾಗದದ ಕಡೆ ಬೆರಳು ಮಾಡಿದ.

"ಅರ್ಜಿ ನಂದಲ್ವಾ ಸ್ವಾಮಿ?"

"ಅರ್ಜಿ ನಿಂದೇ ಕಣಪ್ಪ. ಹುಲ್ಲು ಎಮ್ಮೇದು. ನೀನು ಹುಲ್ಲು ತಿಂತೀಯಾ?"

"ನಾನೊಂದು ಬೇರೆ ಎಮ್ಮೆ ತಂದ್ಕೊಂಡ್ರೆ?"

"ಆ ಎಮ್ಮೆ ಬಗ್ಗೆ ಅರ್ಜಿನೇ ಬಂದಿಲ್ವಲ್ಲ ಮಾರಾಯ."

ಹುಲ್ಲನ್ನು ಎಮ್ಮೆಗೆ 'ನೀಡತಕ್ಕದ್ದು' ಎಂದಿರುವುದರಿಂದ ಎಮ್ಮೆ ಇದ್ದಲ್ಲಿಗೆ ತಲುಪಿಸುವುದು ನಿಗಮದ ಜವಾಬ್ದಾರಿಯಾಯಿತು. ಈಗ ಚೌಡಪ್ಪ ದಿನಕ್ಕೊಂದು ತುಂಡಿನಂತೆ ಹುಲ್ಲುಹಾಸು ಕತ್ತರಿಸುತ್ತಾನೆ. ಬೆಳಿಗ್ಗೆ ನಿಗಮದ ಜೀಪು ಹೊರೆಯನ್ನೂ ಅವನನ್ನೂ ಹೊತ್ತು ಭದ್ರಾವತಿಯಿಂದ ಗೋಪಾಳಕ್ಕೆ ಹೋಗುತ್ತದೆ. ಎಮ್ಮೆಯ ಮೈ ತುಂಬಿದೆ, ಹಾಲು ಏಳು ಲೀಟರಿಗೆ ಏರಿದೆ. ಏಕಾಂತಪ್ಪನವರ ಹೆಂಡತಿ ವೇದಾವತಿ ಕರೆಯಲು ಕೂತರೆ ಮಾತ್ರ ಒದೆಯುತ್ತದೆ. ಅದಕ್ಕಾಗಿ ಸುವರ್ಣಮ್ಮನೂ ಜೀಪಿನಲ್ಲಿ ಹೋಗತಕ್ಕದ್ದು ಎಂದು ಮೌಖಿಕ ಆದೇಶವಾಗಿದೆ.

ಕಡತ ಮುಗಿಸುವ ಮುನ್ನ ವಿಜಯೇಂದ್ರ ಅವರು ಸ್ಥಳ ತನಿಖೆಗೆ ಗೋಪಾಳಕ್ಕೆ ಬಂದರು. ಸಹಿ ಹಾಕಿಸಲು ಕಡತ ಹಿಡಿದು ನಾನೂ ಹೋಗಿದ್ದೆ. ಅವರು ಎಮ್ಮೆಯ ಕೊಂಬನ್ನು ಆದೇಶದೊಂದಿಗೆ ತಾಳೆ ನೋಡಿ, ಗಟ್ಟಿ ಹಾಲಿನ ಕಾಫಿ ಕುಡಿದು, ನಿಗಮದಲ್ಲಿ ಇಷ್ಟು ಅಚ್ಚುಕಟ್ಟಾಗಿ ಜಾರಿಯಾದ ಆದೇಶ ಇನ್ನೊಂದಿಲ್ಲ ಎಂದರು. ಏಕಾಂತಪ್ಪನವರು ತಲೆ ತಗ್ಗಿಸಿದರು. ಅವರು ಹೊಗಳಿಕೆಗೆ ನಾಚುವ ಸ್ವಭಾವದವರು.

"ಏನಾದ್ರೂ ತೊಂದ್ರೆ ಇದ್ಯೇನಪ್ಪ?" ಎಂದು ವಿಜಯೇಂದ್ರ ಅವರು ಚೌಡಪ್ಪನನ್ನು ಕೇಳಿದರು.

"ಏನಿಲ್ಲ ಸ್ವಾಮಿ. ಹೊಟ್ಟೆ ತುಂಬ ತಿಂತಾ ಐತೆ" ಎಂದ ಚೌಡಪ್ಪ, ಎಮ್ಮೆಯ ಬೆನ್ನು ಸವರುತ್ತ. ಅವನ ಮುಖದಲ್ಲಿದ್ದದ್ದು ಸಂತೋಷವೇ. ಅದನ್ನು ನೋಡಲು ನನಗೆ ಆಗಲಿಲ್ಲ.

'ಅರ್ಜಿದಾರರ ಕೋರಿಕೆ ಪೂರ್ಣವಾಗಿ ಈಡೇರಿರುತ್ತದೆ' ಎಂದಿದ್ದ ಕಡೆ ಅವನು ಸಹಿ ಹಾಕಿದ. ಸುವರ್ಣಮ್ಮ ಕರೆದ ಹಾಲನ್ನು ಒಳಗೆ ಕೊಟ್ಟು, ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು ಚಿಲ್ಲರೆ ಎಣಿಸಿ, ಮನೆಗೆ ಅರ್ಧ ಲೀಟರು ಬೇಕು ಎಂದಳು. ವೇದಾವತಿಯವರು, "ನೀನೇ ಅಳೆದ್ಕೊ ಮಾರಾಯ್ತಿ, ನಮ್ಮೋಳೇ ತಾನೆ" ಎಂದರು. ಸುವರ್ಣಮ್ಮ ಅಳೆದುಕೊಂಡಳು, ಒಂದು ಹನಿ ಹೆಚ್ಚಾಗದ ಹಾಗೆ.