ಹಿಮದ ಟೈರು ಮತ್ತು ಮಾವನವರ ಸೀಟು

ಹಿಮ ಎಂಬ ಪದಾರ್ಥವನ್ನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಚನ್ನೇಶ್ ತನ್ನ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡವನಲ್ಲ. ಅದನ್ನೂ ಹೆಂಡತಿ ಹೇಮಲತಾ ತಿಂಗಳಿಗೊಮ್ಮೆ ಚಮಚದಲ್ಲಿ ಕೆರೆದು ಸಿಂಕಿಗೆ ಸುರಿಯುತ್ತಾಳೆ. ಅಂಥವನು ಒಂದು ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆ ಕೂತು, "ಲೇ, ಜೀಪಿಗೆ ಕೆಸರಲ್ಲೂ ಹಿಮದಲ್ಲೂ ಓಡೋ ಟೈರು ಹಾಕಿಸ್ಬೇಕು ಕಣೇ" ಎಂದಾಗ, ಚಟ್ನಿ ಬಡಿಸುತ್ತಿದ್ದ ಅವಳ ಕೈ ನಿಂತೇ ಹೋಯಿತು.

"ಜ್ವರ ಗಿರ ಬಂದಿದೆಯೇನ್ರೀ?"

ಜ್ವರ ಬಂದಿದ್ದರೆ ಮಾತ್ರೆ ನುಂಗಿಸಬಹುದಿತ್ತು. ಬಂದಿದ್ದು ಹೊಟ್ಟೆಕಿಚ್ಚು. ಅದಕ್ಕೆ ಕಾರಣ ಹಳೇಬೀಡಿನ ಹೈಸ್ಕೂಲ್ ಮೇಷ್ಟ್ರು ದೇವರಾಜ್, ಹೇಮಲತಾಳ ತಂಗಿ ಸಿರಿಯ ಗಂಡ, ಅಂದರೆ ಚನ್ನೇಶನ ಷಡ್ಡಕ. (ಈ ಷಡ್ಡಕ ಎಂಬ ಸಂಬಂಧವನ್ನು ದೇವರು ಯಾವ ಕೆಟ್ಟ ಗಳಿಗೆಯಲ್ಲಿ ಸೃಷ್ಟಿಸಿದನೋ! ಅಣ್ಣತಮ್ಮಂದಿರಾದರೆ ಜಗಳವಾಡಿ ಪಾಲಾದರೂ ಆಗಬಹುದು. ಷಡ್ಡಕರು ಮಾತ್ರ ಜೀವನಪೂರ್ತಿ ಅಕ್ಕಪಕ್ಕದ ಎಲೆಗೆ ಕೂತು, ಪಕ್ಕದ ಎಲೆಗೆ ಬಿದ್ದ ತುಪ್ಪವನ್ನು ಅಳೆಯುತ್ತಿರಬೇಕು.)

ಈ ದೇವರಾಜ್ ಬೇಸಿಗೆ ರಜೆಯಲ್ಲಿ ಮನಾಲಿಗೆ ಹೋಗಿದ್ದ. ಹೋದವನು ಸುಮ್ಮನೆ ಬರಬಾರದೆ? ಪಾದ ಮುಳುಗುವ ಹಿಮದಲ್ಲಿ ಒಂದು ದೊಡ್ಡ ಜೀಪಿನ ಬಾನೆಟ್ ಮೇಲೆ ಮೊಣಕೈ ಊರಿ, ಕಪ್ಪು ಕನ್ನಡಕ ಹಾಕಿ ನಿಂತು ಫೋಟೋ ತೆಗೆಸಿಕೊಂಡು, 'ಹಿಮದಲ್ಲೂ ಬೆಣ್ಣೆ ಥರ ಓಡ್ತು ನಮ್ಮ ಗಾಡಿ' ಎಂದು ಬರೆದು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ನಂಬರ್ ಪ್ಲೇಟು ಹಿಮ ಮೆತ್ತಿ ಮುಚ್ಚಿಹೋಗಿತ್ತು. ಟೈರು ಮಾತ್ರ ಎದ್ದು ಕಾಣುತ್ತಿತ್ತು. ಆ ಟೈರಿನ ಒಂದೊಂದು ಹಲ್ಲೂ ಚನ್ನೇಶನನ್ನು ನೋಡಿ ನಗುತ್ತಿತ್ತು.

ಅದೂ ಹೋಗಲಿ ಎನ್ನಬಹುದಿತ್ತು. ಆದರೆ ಹಗರೆಯಿಂದ ಮಾವ ರೇವಣಸಿದ್ದಪ್ಪನವರು ಫೋನು ಮಾಡಿ, ಯಾವ ಅಳಿಯನೂ ಕೇಳಬಾರದ ಮಾತನ್ನು ಹೇಳಿಬಿಟ್ಟರು.

"ಅಳಿಯಂದ್ರೆ, ಈ ಸಲ ಶ್ರಾವಣ ಸೋಮವಾರ ಮನೆದೇವ್ರಿಗೆ ನಾನು ಚಿಕ್ಕಳಿಯಂದ್ರ ಗಾಡೀಲಿ ಹೋಯ್ತೀನಿ. ಅವರು ಹೊಸಾ ಜೀಪು ತಗಂಡವ್ರಂತೆ. ಹೋದ ವರ್ಷ ನಿಮ್ಮ ಗಾಡೀಲಿ ಕೆಸರಲ್ಲಿ ಕೂತಿದ್ದು ಸಾಕಾಗೈತೆ."

ಹನ್ನೆರಡು ವರ್ಷಗಳಿಂದ ವೀರಭದ್ರಸ್ವಾಮಿ ಗುಡಿಗೆ ಮಾವನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು ಚನ್ನೇಶ್. ಅದು ಬರೀ ಸೀಟಲ್ಲ, ಹಿರೀ ಅಳಿಯನ ಪೀಠ. ಹೋದ ವರ್ಷ ಕೆರೆ ಏರಿಯ ಹಿಂದೆ ಜೀಪು ಹೂತುಕೊಂಡು, ಪಕ್ಕದ ಹೊಲದ ಬೋರಯ್ಯನ ಟ್ರ್ಯಾಕ್ಟರು ಬಂದು ಎಳೆಯುವ ತನಕ ಮಾವನವರು ಎರಡು ಗಂಟೆ ಹೊತ್ತು ವಿಭೂತಿ ಧರಿಸಿ ಕೆಸರಿನ ನಡುವೆ ಕೂತಿದ್ದರು, ನಿಜ. ಅಷ್ಟಕ್ಕೇ ಪಟ್ಟ ಕಿತ್ತುಕೊಳ್ಳುವುದೆ?

"ಟೈರಿಗೇನಾಗಿಲ್ಲ, ನಿಮ್ಮ ಹೊಟ್ಟೆ ಉರೀತಿರೋದು" ಎಂದಳು ಹೇಮಲತಾ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಅಡುಗೆಮನೆ ಮಿಕ್ಸಿ ಹೊಗೆ ಉಗುಳ್ತಿದೆ, ಅದನ್ನ ಕೇಳೋರಿಲ್ಲ."

"ಮಿಕ್ಸೀಲಿ ನಿಮ್ಮಪ್ಪನ್ನ ಕೂರಿಸ್ಕೊಂಡು ಹೋಗಕ್ಕಾಗುತ್ತೇನೇ?"

ಹಾಸನ ರಸ್ತೆಯ ಟೈರ್ ಅಂಗಡಿಯ ಸುನಿಲ್ ಪ್ರಾಮಾಣಿಕ ಮನುಷ್ಯ. ಅದೇ ಅವನ ತೊಂದರೆ. ಜೀಪನ್ನು ಒಂದು ಸುತ್ತು ಬಂದು ಟೈರು ಸವರಿ, "ಬೋಳಾಗೋಗವೆ ಸಾರ್. ನಾಲ್ಕು ಚಕ್ರಾನೂ ಎಳೀತವೆ ನಿಜ, ಟೈರು ಬೋಳಾದ್ರೆ ನಾಲ್ಕೂ ಒಟ್ಟಿಗೆ ಜಾರ್ತವೆ. ಅರ್ಧ ರೋಡು ಅರ್ಧ ಮಣ್ಣಿಗೆ ಆಗೋ ಟೈರು ಹಾಕ್ಸಿ, ಸಾಕು" ಎಂದ.

ಚನ್ನೇಶ್ ಮೊಬೈಲು ತೆಗೆದು ಷಡ್ಡಕನ ಫೋಟೋವನ್ನು ಹಿಗ್ಗಿಸಿ ತೋರಿಸಿದ. ದೇವರಾಜನ ಮುಖ ಪರದೆಯಿಂದಾಚೆ ಹೋಗಿ ಟೈರೊಂದೇ ಉಳಿಯಿತು. "ಇದಕ್ಕಿಂತ ದೊಡ್ಡ ಹಲ್ಲು ಬೇಕು. ಕೆಸರಿಗೂ ಆಗ್ಬೇಕು, ಹಿಮಕ್ಕೂ ಆಗ್ಬೇಕು."

"ಸಾರ್, ಕೆಸರಿನ ಟೈರಿಗೆ ಹಲ್ಲು ದೊಡ್ಡದಿರ್ಬೇಕು, ಸಂದು ಅಗಲ ಇರ್ಬೇಕು, ಮೆತ್ಕೊಂಡ ಕೆಸರನ್ನ ಅದೇ ಉಗೀಬೇಕು. ಹಿಮದ್ದಾದ್ರೆ ರಬ್ಬರ್ ಮೆತ್ತಗೆ, ಮೈತುಂಬಾ ಸಣ್ಣ ಸಣ್ಣ ಗೀರು. ಎರಡೂ ಪೂರ್ತಿಯಾಗಿ ಒಂದರಲ್ಲೇ ಸಿಗಾಕಿಲ್ಲ. ಅಲ್ಲಾ, ಅರಸೀಕೆರೇಲಿ ಹಿಮ ಎಲ್ಲೈತೆ ಸಾರ್?"

"ಇವತ್ತಿಲ್ಲ. ನಾಳೆ ಕಥೆ ಯಾರಿಗ್ಗೊತ್ತು? ಕಾಲ ಕೆಟ್ಟಿದೆ ಕಣಯ್ಯ."

ಗಿರಾಕಿ ಹಟ ಹಿಡಿದ ಮೇಲೆ ಸುನಿಲ್ ತಾನೇ ಏನು ಮಾಡಿಯಾನು? ಬೆಂಗಳೂರಿನಿಂದ ನಾಲ್ಕು ಘನಗಂಭೀರ ಟೈರುಗಳು ಬಂದಿಳಿದವು. ಪಕ್ಕೆಯಲ್ಲಿ ಹಿಮಕ್ಕೂ ಆಗುತ್ತದೆ ಎಂಬುದಕ್ಕೆ ಬೆಟ್ಟದ ಗುರುತು, ಅದರೊಳಗೆ ಒಂದು ಹಿಮದ ಹೂವು. ಹಲ್ಲಿನ ಸಂದಿಗೆ ಚನ್ನೇಶ್ ತೋರುಬೆರಳು ತೂರಿಸಿದ, ಒಂದು ಗೆಣ್ಣು ಪೂರಾ ಮುಳುಗಿತು. ಅವನ ಹೊಟ್ಟೆ ಅವತ್ತು ಮೊದಲ ಸಲ ತಣ್ಣಗಾಯಿತು.

ಡಾಂಬರು ರಸ್ತೆಯ ಮೇಲೆ ಆ ಟೈರುಗಳು ಗೊಂಯ್ಯೆಂದು ಊಳಿಡುತ್ತಿದ್ದವು. ಅರಸೀಕೆರೆಯಿಂದ ಹಗರೆಗೆ ಹೋಗುವಷ್ಟರಲ್ಲಿ ಹೇಮಲತಾ ಕಿವಿಗೆ ಸೆರಗು ತುರುಕಿಕೊಂಡು, ಏನು ಹೇಳಿದರೂ "ಆಂ?" ಎನ್ನುವ ಸ್ಥಿತಿಗೆ ಬಂದಿದ್ದಳು. ಚನ್ನೇಶನಿಗೆ ಅದೂ ಲಾಭವಾಗಿಯೇ ಕಂಡಿತು. ಆದರೆ ದಾರಿಯುದ್ದಕ್ಕೂ ಅವನ ಕಣ್ಣು ಆಕಾಶದಲ್ಲಿತ್ತು. ಎರಡು ವಾರದಿಂದ ಒಂದು ಹನಿ ಬಿದ್ದಿರಲಿಲ್ಲ. ಶ್ರಾವಣದಲ್ಲಿ ಸುಡುಬಿಸಿಲು! ಹಿಮ ಹಾಳಾಗಲಿ, ಅಂಗೈಯಗಲ ಕೆಸರಾದರೂ ಬೇಡವೇ?

ಮಾವನ ಮನೆಯ ಮುಂದೆ ಜೀಪು ನಿಂತಾಗ ಅಲ್ಲಿ ಷಡ್ಡಕನ ಜೀಪು ಇರಲಿಲ್ಲ. ಇದ್ದದ್ದು ಒಂದು ಬಡಕಲು ಹಳೇ ವ್ಯಾನು. ದೇವರಾಜ್ ಓಡಿಬಂದು ಚನ್ನೇಶನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದ.

"ಅಣ್ಣಾ, ನನ್ನ ಮಾನ ಉಳಿಸ್ಬೇಕು. ಮನಾಲೀದು ಬಾಡಿಗೆ ಗಾಡಿ ಅಣ್ಣ. ಬಾಡಿಗೆ ಕೊಟ್ಟಷ್ಟು ದಿನ ನಮ್ದೇ ತಾನೇ ಅಂತ 'ನಮ್ಮ ಗಾಡಿ' ಅಂತ ಬರೆದೆ. ಮಾವನೋರು ಹೊಸಾದು ತಗೊಂಡೆ ಅಂದ್ಕೊಂಡು ಊರಿಗೆಲ್ಲಾ ಹೇಳ್ಬಿಟ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನಂಗಿರೋದು ಈ ಸೆಕೆಂಡ್ ಹ್ಯಾಂಡ್ ವ್ಯಾನೇ."

ಬಾಡಿಗೆ ಗಾಡಿ! ಚನ್ನೇಶನಿಗೆ ಅಲ್ಲೇ ಕುಣಿಯಬೇಕೆನಿಸಿತು. ಎರಡು ತಿಂಗಳು ತಾನು ನಿದ್ದೆಗೆಟ್ಟು ಹೊಟ್ಟೆ ಸುಟ್ಟುಕೊಂಡಿದ್ದು ಯಾರದೋ ಬಾಡಿಗೆ ಜೀಪಿನ ಮೇಲೆ ಎಂಬುದು ಒಂದು ಕ್ಷಣ ಚುಚ್ಚಿತಾದರೂ, ಗೆದ್ದ ಖುಷಿಯಲ್ಲಿ ಅದು ಮುಚ್ಚಿಹೋಯಿತು. "ಹೋಗ್ಲಿ ಬಿಡಪ್ಪ, ನಾನಿದ್ದೀನಲ್ಲ. ಗಾಡಿ ಸರ್ವೀಸಿಗೆ ಬಿಟ್ಟಿದ್ದಾನೆ ಅಂತೀನಿ" ಎಂದು ಮಹಾರಾಜನಂತೆ ಭುಜ ತಟ್ಟಿದ.

ಹಾಗೇ ಹೇಳಿದ. ಮಾವನವರು ನಂಬಿ, ಚನ್ನೇಶನ ಟೈರುಗಳನ್ನು ಊರುಗೋಲಿನಿಂದ ಕುಟ್ಟಿ ನೋಡಿ, "ಭಾರೀ ಐತೆ ಕಣ್ರೀ" ಎಂದು ಮುಂದಿನ ಸೀಟು ಹತ್ತಿ ಕೂತರು. ಹನ್ನೆರಡು ವರ್ಷದ ಪೀಠ ಮರಳಿ ಬಂತು. ಇಲ್ಲಿಗೇ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಆದರೆ ಅತ್ತೆ ಸುವರ್ಣಮ್ಮನವರದೊಂದು ಕಟ್ಟಳೆಯುಂಟು. ಮನೆದೇವರಿಗೆ ಹೊರಟ ಗಾಡಿ ಯಾವುದೇ ಇರಲಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣಿಟ್ಟು, ಅದನ್ನು ಒಡೆದು ದೃಷ್ಟಿ ಕಳೆದೇ ಹೊರಡಬೇಕು. ಅವರ ಹಿತ್ತಲಿನ ಗಿಡದ ನಿಂಬೆಯೋ ಗೋಲಿಗಿಂತ ಒಂದು ಸುತ್ತು ದಪ್ಪ. ಬೆಳಿಗ್ಗೆ ನೀರು ಚಿಮುಕಿಸಿ ಸಾರಿಸಿದ ಅಂಗಳ ಬೇರೆ ಮೆತ್ತಗಿತ್ತು. ನಿಂಬೆ ಇಟ್ಟದ್ದಾಯಿತು, ಊದುಬತ್ತಿ ಬೆಳಗಿದ್ದಾಯಿತು. ಚನ್ನೇಶ್ ಗೇರು ಹಾಕಿ ಠೀವಿಯಿಂದ ಜೀಪನ್ನು ಮುಂದೆ ಬಿಟ್ಟ.

ಪಚಕ್ ಎನ್ನಲಿಲ್ಲ.

ಸುವರ್ಣಮ್ಮ ಬಗ್ಗಿ ನೋಡಿದರು. ಹಿಂದಿನ ಚಕ್ರದ ಎರಡು ನಿಂಬೆಹಣ್ಣು ನೆಲದಲ್ಲಿ ಹೂತು ನಗುತ್ತಿದ್ದವು. ಮುಂದಿನ ಎರಡು ಹಲ್ಲಿನ ಸಂದಿಯಲ್ಲಿ ಭದ್ರವಾಗಿ ಕೂತಿದ್ದವು. ಒಂದಕ್ಕೂ ಗೀರು ಬಿದ್ದಿರಲಿಲ್ಲ.

"ಅಯ್ಯೋ ಶಿವನೇ! ಒಂದೂ ಒಡೀಲಿಲ್ವಲ್ರೀ!"

"ಇನ್ನೊಂದ್ಸಲ ಇಡಿ ಅತ್ತೆ" ಎಂದು ಚನ್ನೇಶ್ ಹಿಂದೆ ಬಿಟ್ಟ, ಮುಂದೆ ಬಿಟ್ಟ, ಸ್ಟೀರಿಂಗು ತಿರುವಿದ. ಗಿಡದ ನಿಂಬೆ ಅರ್ಧ ಖಾಲಿಯಾಯಿತು. ಟೈರಿನ ಸಂದಿ ತುಂಬುತ್ತ ಬಂತೇ ಹೊರತು ಒಂದು ತೊಟ್ಟು ರಸ ಕಾಣಲಿಲ್ಲ. ಅಕ್ಕಪಕ್ಕದವರು ಬೇಲಿಯ ಹತ್ತಿರ ಸೇರತೊಡಗಿದರು.

"ಅತ್ತೆ, ಹೋದ ವರ್ಷ ನಾಲ್ಕೂ ಒಡೆದಿದ್ವು. ಆದ್ರೂ ಕೆಸರಲ್ಲಿ ಹೂತ್ಕೊಂಡ್ವಲ್ಲ! ನಿಂಬೆಹಣ್ಣಲ್ಲೇನಿದೆ?"

"ಒಡೆದಿದ್ದಕ್ಕೇ ಬರೀ ಹೂತ್ಕೊಂಡ್ರಿ! ಒಡೀದೇ ಹೋಗಿದ್ರೆ ಇನ್ನೇನಾಗ್ತಿತ್ತೋ?" ಎಂದರು ಸುವರ್ಣಮ್ಮ. ಈ ತರ್ಕಕ್ಕೆ ಯಾವ ಕೋರ್ಟಿನಲ್ಲಿ ಉತ್ತರವಿದೆ? "ಇಳೀರಿ ನೀವು" ಎಂದು ಗಂಡನಿಗೆ ಅಪ್ಪಣೆಯಾಯಿತು.

ರೇವಣಸಿದ್ದಪ್ಪನವರು ಊರುಗೋಲು ಊರಿ ಇಳಿದರು. ಪೀಠ ಖಾಲಿಯಾಯಿತು.

ಆಮೇಲೆ ಬಿಸಿಲಿಗೆ ಒಣಗಿ ಗಟ್ಟಿಯಾಗಿದ್ದ ಮಗ್ಗುಲಲ್ಲಿ ನಿಂತಿದ್ದ ದೇವರಾಜನ ವ್ಯಾನಿಗೆ ಇಟ್ಟರು. ಅದರ ಟೈರು ಬೋಳೆಂದರೆ ಬೋಳು, ತಿರುಪತಿಗೆ ಮುಡಿ ಕೊಟ್ಟು ಬಂದವರ ತಲೆ. ಪಚ್, ಪಚ್, ಪಚ್, ಪಚ್! ನಾಲ್ಕೂ ಒಂದೇ ಏಟಿಗೆ ಅಪ್ಪಚ್ಚಿಯಾಗಿ ಅಂಗಳವೆಲ್ಲ ಘಮಘಮಿಸಿತು. ಬೇಲಿಯ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದರು. ಮಾವನವರು ವ್ಯಾನಿನ ಮುಂದಿನ ಸೀಟಿಗೆ, ಅತ್ತೆ, ಸಿರಿ ಹಿಂದಕ್ಕೆ.

"ನೀನೆಲ್ಲಿಗೇ?" ಎಂದ ಚನ್ನೇಶ್, ವ್ಯಾನಿನ ಬಾಗಿಲು ಹಿಡಿದಿದ್ದ ಹೆಂಡತಿಗೆ.

"ದೃಷ್ಟಿ ಕಳೀದ ಗಾಡಿ ರೀ. ನೀವು ಹುಷಾರಾಗಿ ಬನ್ನಿ" ಎಂದು ಹೇಮಲತಾ ಹತ್ತಿ ಬಾಗಿಲು ಎಳೆದುಕೊಂಡಳು.

ದೃಷ್ಟಿ ತಾಗಿದರೂ ಪರವಾಗಿಲ್ಲ ಎಂಬಂಥದ್ದು ಒಂದೇ ಉಳಿದಿತ್ತು, ಗುಡಿಯ ಹತ್ತಿರ ಊಟಕ್ಕೆಂದು ಅತ್ತೆ ಮಾಡಿಟ್ಟಿದ್ದ ಹುಗ್ಗಿಯ ಕೊಳದಪ್ಪಲೆ. ಅದನ್ನು ಪೀಠದ ಮೇಲೆ ಕೂರಿಸಿ, ಬೆಲ್ಟು ಕಟ್ಟಿ, ಚನ್ನೇಶ್ ವ್ಯಾನಿನ ಧೂಳು ಕುಡಿಯುತ್ತ ಹಿಂದೆ ಹೊರಟ. ಹೋದ ವರ್ಷ ಹೂತಿದ್ದ ಜಾಗ ಬಿರುಕು ಬಿಟ್ಟು ಒಣಗಿತ್ತು. ಬೋಳು ಟೈರಿನ ವ್ಯಾನು ಅದರ ಮೇಲೆ ಬೆಣ್ಣೆಯ ಹಾಗೆ ಹೋಯಿತು.

ಸಂಜೆ ಅರಸೀಕೆರೆಗೆ ವಾಪಸು ಬರುವಾಗ ಹೇಮಲತಾ ಮತ್ತೆ ಕಿವಿಗೆ ಸೆರಗು ತುರುಕಿಕೊಂಡು ಪಕ್ಕದಲ್ಲಿ ಕೂತಿದ್ದಳು. ಸಂದಿಯಲ್ಲಿ ಉಳಿದಿದ್ದ ಒಂದು ನಿಂಬೆಹಣ್ಣು ದಾರಿಯುದ್ದಕ್ಕೂ ಟಪ್ ಟಪ್ ಎನ್ನುತ್ತಿತ್ತು. ಮನೆಯ ಮುಂದೆ ಜೀಪು ನಿಲ್ಲಿಸಿ ಚನ್ನೇಶ್ ಸ್ಕ್ರೂಡ್ರೈವರ್ ಹಿಡಿದು ಅದನ್ನು ಕೀಳಲು ಕುಕ್ಕರುಗಾಲಲ್ಲಿ ಕೂತಾಗ ಮೊಬೈಲು ಟಿಣ್ ಎಂದಿತು. ಗ್ರೂಪಿಗೆ ಷಡ್ಡಕ ಫೋಟೋ ಹಾಕಿದ್ದ: ವ್ಯಾನಿನ ಕಿಟಕಿಯಲ್ಲಿ ಮಾವನವರ ನಗುಮುಖ, ಹಿಂದೆ ಧೂಳಿನಲ್ಲಿ ಅರ್ಧಂಬರ್ಧ ಕಾಣುವ ಜೀಪು. ಕೆಳಗೆ ಮಾವನವರದೇ ಧ್ವನಿಯಲ್ಲೊಂದು ಸಂದೇಶವಿತ್ತು. ಹೇಮಲತಾ ಅದನ್ನು ಬೀದಿಗೆಲ್ಲ ಕೇಳುವಂತೆ ಒತ್ತಿದಳು.

"ಚನ್ನೇಶಪ್ಪನೋರ ಟೈರು ಬೋ ಸಾಧು ಕಣ್ರಪ್ಪ. ಒಂದು ನಿಂಬೆಹಣ್ಣಿಗೂ ನೋವು ಮಾಡಾಕಿಲ್ಲ."