ಮಾರಿಸೋಲಳಿಗೆ ಫ್ರೇಸಲ್ ವರ್ಬು ಕಲಿಸಿದ್ದು

ಮಾಸ್ತರಿಕೆ ಎಂಬುದು ಒಂದು ನಮೂನೆಯ ತುರಿಕೆ. ಕೆಲಸ ಬಿಟ್ಟರೂ ಅದು ನಮ್ಮನ್ನು ಬಿಡುವುದಿಲ್ಲ. ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ನನ್ನ ಹೆಂಡತಿ ಸುನಂದಾಳಿಗೆ ನ್ಯೂಜಿಲೆಂಡಿನ ಟೌರಂಗಾದಲ್ಲಿ ನರ್ಸ್ ಕೆಲಸ ಸಿಕ್ಕಿದಾಗ ಅವಳ ವೀಸಾದ ಬಾಲ ಹಿಡಿದುಕೊಂಡು ನಾನೂ ಬಂದೆ. ಇಲ್ಲಿ ಹಾಲು ಹಾಕುವವನಿಂದ ಹಿಡಿದು ಹಸುಗೂಸಿನವರೆಗೆ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ. ಹೀಗಿರುವಾಗ ನನ್ನ ಇಂಗ್ಲಿಷನ್ನು ಕೇಳುವವರು ಯಾರು? ಕಡೆಗೆ ಒಂದು ಪ್ಯಾಕ್‌ಹೌಸಿನಲ್ಲಿ ಕೆಲಸಕ್ಕೆ ನಿಂತೆ. ಬೆಲ್ಟಿನ ಮೇಲೆ ಸಾಲಾಗಿ ಬರುವ ಕಿವಿಹಣ್ಣುಗಳಲ್ಲಿ ಸೊಟ್ಟಗಿದ್ದದ್ದು, ಕಲೆಯಾದದ್ದು, ಒಂದಕ್ಕೊಂದು ಅಂಟಿಕೊಂಡು ಬೆಳೆದದ್ದು ಇವನ್ನೆಲ್ಲ ಆರಿಸಿ ಪಕ್ಕಕ್ಕೆ ಹಾಕುವ ಕೆಲಸ. ಪರೀಕ್ಷೆಯ ಪೇಪರ್ ತಿದ್ದುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವೇನಿಲ್ಲ, ಫೇಲಾದ ಹಣ್ಣಿನ ಅಪ್ಪ ಬಂದು ಜಗಳ ತೆಗೆಯುವುದಿಲ್ಲ ಅಷ್ಟೇ.

ಆದರೂ ತುರಿಕೆ ಹೋಗಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಕಾಗುಣಿತದ ತಪ್ಪು ಕಂಡರೆ ಜೇಬಿನ ಪೆನ್ನಿಗೆ ತಾನಾಗಿ ಕೈ ಹೋಗುತ್ತಿತ್ತು. ಮನೆಯಲ್ಲಿ ಸುನಂದಾ ಫೋನಿನಲ್ಲಿ ಇಂಗ್ಲಿಷ್ ಮಾತಾಡಿ ಮುಗಿಸಿದ ಕೂಡಲೇ ಅವಳ ಕಾಲವಾಚಕಗಳನ್ನು ಸರಿಪಡಿಸಲು ಕೂರುತ್ತಿದ್ದೆ. ಒಂದು ದಿನ ಅವಳು ಸೌಟು ಹಿಡಿದುಕೊಂಡೇ ಹೇಳಿದಳು: "ರೀ, ಎಂಟು ತಾಸು ಡ್ಯೂಟಿ ಮಾಡಿ ಬಂದೀನಿ. ಪೇಶಂಟ್‌ಗೆ ನನ್ನ ಇಂಗ್ಲಿಷ್ ತಿಳೀತದ, ಡಾಕ್ಟರ್‌ಗೆ ತಿಳೀತದ. ನಿಮಗೊಬ್ಬರಿಗೇ ತಿಳೀವಲ್ದು. ನಿಮ್ಮ ಕ್ಲಾಸಿಗೆ ಬ್ಯಾರೆ ಯಾರನ್ನರ ಹುಡುಕ್ಕೋರಿ."

ದೇವರು ಅವಳ ಮಾತು ಕೇಳಿಸಿಕೊಂಡನೆಂದು ಕಾಣುತ್ತದೆ. ಮರುವಾರವೇ ಬೆಲ್ಟಿನಲ್ಲಿ ನನ್ನ ಎದುರಿಗೆ ಮಾರಿಸೋಲ್ ಬಂದು ನಿಂತಳು. ಚಿಲಿ ದೇಶದವಳು, ಮೂವತ್ತರ ಹತ್ತಿರದ ಹೆಣ್ಣುಮಗಳು, ಕೈ ಬಲು ಚುರುಕು. ನಾನು ಒಂದು ಹಣ್ಣಿನ ಯೋಗ್ಯತೆಯನ್ನು ತೂಗಿ ನೋಡುವಷ್ಟರಲ್ಲಿ ಅವಳು ನಾಲ್ಕನ್ನು ಎತ್ತಿ ಹಾಕಿರುತ್ತಿದ್ದಳು. ಅವಳ ತೊಂದರೆಯೆಂದರೆ ನಮ್ಮ ಮ್ಯಾನೇಜರ್ ಬ್ಯಾರಿಯ ಇಂಗ್ಲಿಷು. ಬ್ಯಾರಿ ಈ ದೇಶದವನೇ, ಚಳಿಗಾಲದಲ್ಲೂ ಚಡ್ಡಿ ಹಾಕುವ, ಪರ್ವತದಂಥ ಸಂಭಾವಿತ ಮನುಷ್ಯ. ಅವನ ಬಾಯಲ್ಲಿ ಕ್ರಿಯಾಪದಗಳು ಒಂಟಿಯಾಗಿ ಹೊರಬಿದ್ದದ್ದೇ ಇಲ್ಲ, ಎಲ್ಲವೂ ಬಾಲ ಕಟ್ಟಿಕೊಂಡ ಫ್ರೇಸಲ್ ವರ್ಬುಗಳೇ. ಬೆಳಿಗ್ಗೆ ಟರ್ನ್ ಅಪ್ ಆಗಬೇಕು, ಬೆಲ್ಟು ಸ್ಲೋ ಡೌನ್ ಆದರೆ ಸಾರ್ಟ್ ಔಟ್ ಮಾಡಬೇಕು, ಸಂಜೆ ಟೈಡಿ ಅಪ್ ಮಾಡಿ ನಾಕ್ ಆಫ್ ಆಗಿ ಮನೆ ಸೇರಬೇಕು. ಮಾರಿಸೋಲ್ ಚಹಾದ ಬಿಡುವಿನಲ್ಲಿ ನನ್ನ ಬಳಿ ಬಂದು, "ನೀವು ಇಂಗ್ಲಿಷ್ ಪ್ರೊಫೆಸೋರ್ ಅಂತೆ, ನನಗೆ ಇವನ್ನು ಕಲಿಸಿ" ಎಂದಳು. ಸ್ಪ್ಯಾನಿಷಿನಲ್ಲಿ ಹೈಸ್ಕೂಲ್ ಮಾಸ್ತರನಿಗೂ ಪ್ರೊಫೆಸೋರ್ ಎನ್ನುತ್ತಾರೆಂದು ನನಗೆ ಆಮೇಲೆ ತಿಳಿಯಿತು. ಎಲ್ಲರ ತಪ್ಪನ್ನೂ ತಿದ್ದುವ ನಾನು ಇದೊಂದನ್ನು ಮಾತ್ರ ಹಾಗೇ ಬಿಟ್ಟೆ.

ಪಾಠ ಶುರುವಾಯಿತು. ಇನ್ನೂರು ಪುಟದ ನೋಟುಬುಕ್ಕು, ಕೆಂಪು ಶಾಯಿಯ ಮಾರ್ಜಿನ್ನು, ಪ್ರತಿಯೊಂದನ್ನೂ ಹತ್ತು ಸಲ ಬರೆದು ತರುವ ಶಿಕ್ಷೆ, ಶುಕ್ರವಾರ ಡಿಕ್ಟೇಷನ್ನು. ಅವಳ ಭಾಷೆಯಲ್ಲಿ ಹೊರಗೆ ಹೋಗುವುದಕ್ಕೆ ಸಾಲಿರ್, ಮೇಲೆ ಹೋಗುವುದಕ್ಕೆ ಸುಬಿರ್, ಹೀಗೆ ಒಂದೊಂದಕ್ಕೆ ಒಂದೊಂದೇ ಪದ, ಬಾಲವಿಲ್ಲ, ಕೊಂಬಿಲ್ಲ. ಇಂಗ್ಲಿಷಿನವರು ಒಂದು ಬಡಪಾಯಿ 'ಗಿವ್' ಹಿಡಿದು ಅದಕ್ಕೆ ಅಪ್ ಕಟ್ಟಿ, ಇನ್ ಕಟ್ಟಿ, ಅವೇ ಕಟ್ಟಿ ಯಾಕೆ ಗೋಳು ಹೊಯ್ದುಕೊಳ್ಳುತ್ತಾರೆ ಎಂದು ಅವಳು ಕೇಳಿದಳು. ನನ್ನ ಬಳಿ ಉತ್ತರವಿತ್ತು. ನಮ್ಮಲ್ಲೂ ಹಾಗೆಯೇ ತಾಯಿ, ತಿನ್ನುವುದು ಬೇರೆ, ತಿಂದುಬಿಡುವುದು ಬೇರೆ, ತಿಂದುಹಾಕುವುದು ಬೇರೆ, ಬಾಲದಲ್ಲೇ ಸ್ವಭಾವವಿರುವುದು ಎಂದೆ. ಇನ್ನೊಂದು ಮಾತನ್ನೂ ಹೇಳಿಕೊಟ್ಟೆ. ಟಾಲರೇಟ್, ಪೋಸ್ಟ್‌ಪೋನ್, ಕಂಟಿನ್ಯೂ ಎಂಬ ದೊಡ್ಡ ಪದಗಳು ಅವಳಿಗೆ ಸ್ಪ್ಯಾನಿಷಿನಿಂದಲೇ ಗೊತ್ತು. ಅವುಗಳ ಮನೆಬಳಕೆಯ ಹೆಸರೇ ಪುಟ್ ಅಪ್ ವಿತ್, ಪುಟ್ ಆಫ್, ಕ್ಯಾರಿ ಆನ್. ಅವಳು ಕಣ್ಣರಳಿಸಿದಳು. ಆ ಹೊತ್ತು ನನಗಾದ ಸಂತೋಷವನ್ನು ಏನೆಂದು ಹೇಳಲಿ? ಎರಡು ವರ್ಷದಿಂದ ಯಾರೂ ನನ್ನ ಮಾತಿಗೆ ಕಣ್ಣರಳಿಸಿರಲಿಲ್ಲ.

ಇಷ್ಟರಲ್ಲಿ ಸೂಪರ್‌ವೈಸರ್ ಜಾಗವೊಂದು ಖಾಲಿಯಾಯಿತು. ಮಾರಿಸೋಲಳ ವೀಸಾ ಸೀಸನ್ ಮುಗಿಯುವವರೆಗೆ ಮಾತ್ರ. ಈ ಕಾಯಂ ಕೆಲಸ ಸಿಕ್ಕರೆ ಉಳಿಯಬಹುದು, ಸಿಗದಿದ್ದರೆ ಇಲ್ಲಿನ ಶಿಶುವಿಹಾರಕ್ಕೆ ಆಗತಾನೆ ಹೊಂದಿಕೊಂಡಿದ್ದ ಮಗಳನ್ನು ಎಬ್ಬಿಸಿಕೊಂಡು ಹೊರಡಬೇಕು. ಬ್ಯಾರಿ ಅವಳನ್ನು ಕರೆದು, "ನಾಳೆ ಆಫೀಸಿಗೆ ಬಾ, ಒಂದು ಕಪ್ ಚಹಾ ಕುಡಿಯುತ್ತ ಮಾತಾಡೋಣ" ಎಂದನಂತೆ. ಅವಳು ಗಾಬರಿಯಿಂದ ನನ್ನ ಹತ್ತಿರ ಓಡಿ ಬಂದಳು.

ನಾನು ನಲವತ್ತು ಇಂಪಾರ್ಟೆಂಟ್ ಫ್ರೇಸಲ್ ವರ್ಬುಗಳಿಗೆ ಕೆಂಪು ನಕ್ಷತ್ರ ಹಾಕಿಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಂಟರ್‌ವ್ಯೂದ ರೀತಿ ರಿವಾಜನ್ನೂ ಕಲಿಸಿದೆ. ಕೂರು ಎನ್ನುವವರೆಗೆ ನಿಂತಿರಬೇಕು. ಕೇಳಿದ್ದಕ್ಕಷ್ಟೇ ಉತ್ತರ. ಎಲ್ಲಕ್ಕಿಂತ ಮುಖ್ಯವಾದದ್ದು ಚಹಾ. ನಮ್ಮ ಕಡೆ ಚಹಾ ಎಂದ ಕೂಡಲೇ ಹೂಂ ಎನ್ನುವವನನ್ನು ಬರಗೆಟ್ಟವನೆನ್ನುತ್ತಾರೆ. ಮೊದಲ ಸಲಕ್ಕೆ "ಬ್ಯಾಡ್ರಿ, ಈಗಷ್ಟ ಆತು" ಎನ್ನಬೇಕು. ಎರಡನೆಯ ಸಲಕ್ಕೆ "ಯಾಕ ಸುಮ್ನ ತ್ರಾಸ ತಗೋತೀರಿ" ಎನ್ನಬೇಕು. ಮೂರನೆಯದಕ್ಕೆ "ಆತು, ಅರ್ಧಾ ಕಪ್ ಕೊಡ್ರಿ" ಎಂದರೆ ಮರ್ಯಾದೆಯಿಂದ ತುಂಬಿದ ಕಪ್ಪು ಬರುತ್ತದೆ. ಇದನ್ನೆಲ್ಲ ಇಂಗ್ಲಿಷಿಗಿಳಿಸಿ ಹೇಳಿದೆ. ಅವಳು ಶ್ರದ್ಧೆಯಿಂದ ಬರೆದುಕೊಂಡು ಒಂದೇ ಪ್ರಶ್ನೆ ಕೇಳಿದಳು: "ಪ್ರೊಫೆಸೋರ್, ಅವನು ಮೂರನೇ ಸಲ ಕೇಳದಿದ್ದರೆ?"

"ಕೇಳದೆ ಇರುತ್ತಾರೇನು? ಅವರೂ ಮನುಷ್ಯರೇ ಅಲ್ಲವೇ?" ಎಂದೆ.

ಮರುದಿನ ಏಳು ನಿಮಿಷಕ್ಕೆಲ್ಲ ಅವಳು ಹೊರಗೆ ಬಂದಳು. ಬ್ಯಾರಿ ಚಹಾ ಬೇಕೇ ಎಂದು ಒಂದೇ ಸಲ ಕೇಳಿದನಂತೆ. ಬೇಡ ಎಂದಾಗ ತನಗೊಂದೇ ಮಾಡಿಕೊಂಡು ಕುಡಿದನಂತೆ. ಅವನು ಎದುರಿನ ಕುರ್ಚಿಯನ್ನು ಕಾಲಿನಿಂದ ಈಚೆಗೆ ತಳ್ಳಿದನಂತೆ, ಆದರೆ ಬಾಯಿಬಿಟ್ಟು ಕೂರು ಎನ್ನದ ಕಾರಣ ಇವಳು ನಿಂತೇ ಇದ್ದಳಂತೆ. ಕೆಲಸ ಇಷ್ಟವಾ? ಎಸ್ ಸರ್. ಊರು ಹಿಡಿಸಿತಾ? ಎಸ್ ಸರ್. ಏನಾದರೂ ಕೇಳುವುದಿದೆಯಾ? ನೋ ಸರ್. ನಲವತ್ತು ನಕ್ಷತ್ರಗಳಲ್ಲಿ ಒಂದೂ ಬರಲಿಲ್ಲ. "ನೀನು ಊರಿಗೆ ಹೋಗಬೇಕೆಂದಿದ್ದೀಯೇನೋ, ಪರವಾಗಿಲ್ಲ" ಎಂದು ಅವನು ಎದ್ದನಂತೆ. ಮಾರಿಸೋಲ್ ತಲೆಯ ಬಲೆ ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ಪ್ರೊಫೆಸೋರ್, ಐ ಗಿವ್ ಅಪ್" ಎಂದಳು. ಪ್ರಯೋಗ ಸರಿಯಾಗಿತ್ತು. ವಿದ್ಯಾರ್ಥಿಯ ಉತ್ತರ ತಪ್ಪಾಗಿರಬಾರದಿತ್ತೇ ಎನ್ನಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ತಪ್ಪು ನನ್ನದು. ನಾನೇ ಹೋಗಬೇಕಾಯಿತು. ಬ್ಯಾರಿಯ ಆಫೀಸಿನ ಬಾಗಿಲು ತಟ್ಟುವಾಗ ನನ್ನ ಹದಿನಾಲ್ಕು ವರ್ಷದ ಇಂಗ್ಲಿಷ್ ಹೊರಗೇ ನಿಂತುಬಿಟ್ಟಿತು, ನಾನೊಬ್ಬನೇ ಒಳಗೆ ಹೋದೆ. "ಬಾ ಮೇಟ್, ಚಹಾ?" ಎಂದ. "ನೋ, ಥ್ಯಾಂಕ್ಯೂ ಸರ್" ಎಂದು ಬಾಯಿ ತಾನಾಗಿ ಅಂದುಬಿಟ್ಟಿತು. ಆಮೇಲೆ ಹೇಗೋ ಮಾಡಿ, ವ್ಯಾಕರಣದ ಹಂಗು ತೊರೆದು, ಮೂರು ಸಲದ ಲೆಕ್ಕವನ್ನೆಲ್ಲ ವಿವರಿಸಿದೆ. ಅವಳು ಹೋಗಲು ಹೊರಟವಳಲ್ಲ, ಉಳಿಯಲು ಬಂದವಳು, ನಿಮ್ಮೆದುರು ನಿಂತಿದ್ದವಳು ಅವಳಲ್ಲ, ನಾನು ಎಂದೆ. ಬ್ಯಾರಿ ಗೋಡೆ ಅದುರುವ ಹಾಗೆ ನಕ್ಕ. ನಗುತ್ತ ನಗುತ್ತ ಥಟ್ಟನೆ ನಿಲ್ಲಿಸಿದ.

"ತಡಿ ತಡಿ. ಹೋದ ವರ್ಷ ನಾನು ಚಹಾಕ್ಕೆ ಕರೆದಾಗ ನೀನೂ ಬೇಡ ಅಂದಿದ್ದೆಯಲ್ಲ?"

"ಅದು ಮೊದಲನೆಯ ಬೇಡ, ಸರ್."

"ಅಯ್ಯೋ ಮೇಟ್! ಅವತ್ತು ಈ ಕೆಲಸವನ್ನು ನಿನಗೇ ಕೊಡಬೇಕು ಅಂತ ಕರೆದಿದ್ದೆ. ನೀನು ಕೈಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದೆ. ನಿನಗೆ ನಮ್ಮ ಸಹವಾಸವೇ ಬೇಡ ಅಂದುಕೊಂಡೆ."

ಯಾರೂ ಕೂರು ಎನ್ನದಿದ್ದರೂ ನಾನು ಕುರ್ಚಿಯಲ್ಲಿ ಕುಳಿತುಬಿಟ್ಟೆ. ಒಂದು ವರ್ಷ! ನಾನು ಕೆಟ್ಟ ಹಣ್ಣು ಆರಿಸಿದ ಒಂದಿಡೀ ವರ್ಷ! ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಬ್ಯಾರಿ ಗಲ್ಲ ಕೆರೆದುಕೊಂಡು, "ಜಾಗ ಇರುವುದು ಒಂದೇ. ನ್ಯಾಯವಾಗಿ ಮೊದಲು ನಿನ್ನದು. ನಿನಗೆ ಬೇಕಾ?" ಎಂದ.

"ನೋ, ಥ್ಯಾಂಕ್ಯೂ ಸರ್" ಎಂದೆ.

ಬ್ಯಾರಿ ಎದ್ದು ನನ್ನ ಕೈ ಕುಲುಕಿದ. ಮಧ್ಯಾಹ್ನ ಮಾರಿಸೋಲಳನ್ನು ಮತ್ತೆ ಕರೆಸಿದ. ಅವಳು ಕೇಳಿದ ಕೂಡಲೇ ಚಹಾ ತೆಗೆದುಕೊಂಡು, ಮೂರು ಬಿಸ್ಕತ್ತು ತಿಂದು, ಮುಕ್ಕಾಲು ಗಂಟೆ ಹರಟಿ ಕೆಲಸದೊಂದಿಗೆ ಹೊರಗೆ ಬಂದಳು. ಬಂದವಳೇ ಎಲ್ಲರೆದುರು ನನ್ನ ಕೆನ್ನೆಗೆ ಮುತ್ತಿಟ್ಟಳು, ಅದು ಅವರ ದೇಶದ ಪದ್ಧತಿಯಂತೆ. ಸೋಮವಾರದಿಂದ ಅವಳೇ ನನ್ನ ಸೂಪರ್‌ವೈಸರ್. "ಪ್ರೊಫೆಸೋರ್, ಸ್ವಲ್ಪ ಸ್ಪೀಡ್ ಅಪ್" ಎಂದು ಬಹಳ ಗೌರವದಿಂದ ಗದರಿಸುತ್ತಾಳೆ.

ಸುನಂದಾಳಿಗೂ ವಿಷಯ ತಲುಪಿತು. ಕೆನ್ನೆಯ ವಿಚಾರವಲ್ಲ, ಕೆಲಸದ್ದು. ಆವತ್ತಿನಿಂದ ಅವಳು ಭಾನುವಾರ ಫೋನ್ ಕಾರ್ಡು ಗೀರಿ, ನಂಬರು ಒತ್ತಿ, ಗದಗಿನಲ್ಲಿರುವ ತನ್ನ ಅಕ್ಕನಿಗೆ ಹೇಳುತ್ತಾಳೆ: "ಅಕ್ಕಾ, ನಮ್ಮನಿಯವರದು ಎಂಥಾ ಮನಸು ಅಂತಿ! ಪಾಪ, ಕೂಸಿನ ತಾಯಿ ಅಂತ ಕೈಗೆ ಬಂದ ಕೆಲಸಾ ಬಿಟ್ಟುಕೊಟ್ರು ನೋಡು!" ನಾನು ಪಕ್ಕದಲ್ಲಿ ಕುಳಿತು ತಲೆ ತಗ್ಗಿಸಿ, ತ್ಯಾಗಿಗಳು ಕೆಮ್ಮುವ ಹಾಗೆ ಮೆಲ್ಲಗೆ ಕೆಮ್ಮುತ್ತೇನೆ. ಅವಳ ಮುಂದೆ ಬಾಯಿಬಿಟ್ಟಿಲ್ಲ, ನಿಮಗೆ ಹೇಳುತ್ತೇನೆ. ಬ್ಯಾರಿ ಇನ್ನೊಂದು ಸಲ ಕೇಳಲಿ ಎಂದು ಕುರ್ಚಿಯ ತುದಿಯಲ್ಲಿ ಕಾದು ಕುಳಿತಿದ್ದೆ.